ಹಳೇ ಸ್ಕೂಲ್ ಬ್ಯಾಂಡ್ ಡ್ರೆಸ್ ಅಟ್ಟದ ಮೇಲಿದೆಯಾ? ಕಸದ ಗಾಡಿಗೆ ಹಾಕೋ ಮುಂಚೆ ಇದನ್ನ ಓದಿ

ದಾವಣಗೆರೆ: ಆಗಸ್ಟ್ 15, ಜನವರಿ 26ಕ್ಕೆ ಜಿಲ್ಲಾ ಕ್ರೀಡಾಂಗಣದಲ್ಲಿ ಪಥಸಂಚಲನ ಮುಗಿದ ಮೇಲೆ ಸ್ಕೂಲ್ ಬ್ಯಾಂಡಿನ ಡ್ರೆಸ್ ಮತ್ತೆ ಟ್ರಂಕಿಗೆ ಹೋಗ್ತದೆ. ನಾಲ್ಕೈದು ವರ್ಷ ಹೀಗೇ ನಡೀತದೆ. ಆಮೇಲೆ ಮಕ್ಕಳ ಸೈಜ್ ಬದಲಾಗಿರ್ತದೆ, ಇಲ್ಲಾ ಆಡಳಿತ ಮಂಡಳಿಯವರು ಹೊಸ ಬಣ್ಣ ಹೊಲಿಸಿರ್ತಾರೆ. ಹಳೇದು ಮೂಲೆ ಸೇರ್ತದೆ. ಎಂ.ಸಿ.ಸಿ. ಬಡಾವಣೆಯ ಎ ಬ್ಲಾಕ್, ಬಿ ಬ್ಲಾಕ್ ಕಡೆ ಸ್ಕೂಲು, ಟ್ಯೂಷನ್ನು, ಓದೋ ಮಕ್ಕಳಿರೋ ಮನೆ ಎಲ್ಲಾ ಒತ್ತೊತ್ತಾಗಿವೆ. ಹಾಗಾಗಿ ಸ್ಕೂಲಿನ ಸ್ಟೋರ್ ರೂಮಲ್ಲಿ ಅಲ್ಲದಿದ್ದರೆ ಯಾವುದೋ ಮನೆಯ ಅಟ್ಟದ ಮೇಲಾದರೂ ಒಂದು ಜರಿಪಟ್ಟಿ ಕೋಟು ಬಿದ್ದಿರೋದು ಆಶ್ಚರ್ಯ ಅಲ್ಲ.

ಬೇಸಿಗೆ ರಜೆಯಲ್ಲಿ ಸುಣ್ಣಬಣ್ಣ ಶುರುವಾದಾಗ ಇದು ಹೊರಗೆ ಬರ್ತದೆ. ಆಗ ಜನ ಸಾಮಾನ್ಯವಾಗಿ ಮಾಡೋದು ಮೂರೇ ಕೆಲಸ. ಯಾರಿಗೋ ಒಂದೊಂದೇ ಪೀಸ್ ಹಂಚಿಬಿಡೋದು, ಕಸದ ಗಾಡಿಗೆ ಹಾಕೋದು, ಖಾಲಿ ಸೈಟಲ್ಲಿ ಬೆಂಕಿ ಹಚ್ಚೋದು. ಮೂರರಲ್ಲೂ ನಷ್ಟ ಇದೆ. ಬ್ಯಾಂಡ್ ಡ್ರೆಸ್ ಮಾಮೂಲಿ ಹಳೇ ಬಟ್ಟೆ ಅಲ್ಲ. 30 ಮಕ್ಕಳ ಸೆಟ್ಟು ಪೂರ್ತಿ ಇದ್ದರೆ ಅದು ಇನ್ನೊಂದು ಸ್ಕೂಲಿಗೆ ನಾಳೆ ಬೆಳಗ್ಗೆಯೇ ಒಂದು ಬ್ಯಾಂಡ್. ಅದೇ 30 ಕೋಟು 30 ಮನೆಗೆ ಹೋದರೆ ಯಾವ ಮನೆಯಲ್ಲೂ ಯಾರೂ ಹಾಕ್ಕೊಳ್ಳಲ್ಲ.

ಮೊದಲು ನೋಡಬೇಕಾದ್ದು: ಡ್ರೆಸ್ ಯಾರದ್ದು?

ಇದನ್ನ ಕೇಳೋದೇ ಇಲ್ಲ ಬಹಳ ಜನ. ಬ್ಯಾಂಡ್ ಡ್ರೆಸ್‌ಗೆ ದುಡ್ಡು ಯಾರು ಕೊಟ್ಟಿದ್ದು ಅನ್ನೋದರ ಮೇಲೆ ಅದು ಯಾರದ್ದು ಅಂತ ತೀರ್ಮಾನ ಆಗ್ತದೆ. ಪೋಷಕರು ವರ್ಷದ ಶುರುವಲ್ಲಿ ಬ್ಯಾಂಡ್ ಫೀಸು ಅಂತ ಕಟ್ಟಿ ಡ್ರೆಸ್ ಮನೆಗೇ ಬಂದಿದ್ದರೆ ಅದು ಮಗುವಿನದ್ದು. ಸ್ಕೂಲು ಹೊಲಿಸಿ, ಕಾರ್ಯಕ್ರಮದ ದಿನ ಕೊಟ್ಟು, ಸಂಜೆ ವಾಪಸ್ ಇಸ್ಕೊಳ್ತಿದ್ದರೆ ಅದು ಸಂಸ್ಥೆಯ ಆಸ್ತಿ. ಪಿ.ಟಿ. ಮೇಷ್ಟ್ರು ಒಬ್ಬರೇ ತೀರ್ಮಾನ ಮಾಡಿ ಗುಜರಿಗೆ ಕೊಟ್ಟರೆ ನಾಳೆ ಲೆಕ್ಕ ಕೇಳಿದಾಗ ಅವರೇ ಸಿಕ್ಕಿ ಬೀಳ್ತಾರೆ. ಟ್ರಸ್ಟಿನ ಸ್ಕೂಲಾದರೆ ಆಡಳಿತ ಮಂಡಳಿ ಸಭೆಯಲ್ಲಿ ಒಂದು ಸಾಲಿನ ನಿರ್ಣಯ ಬರೆಸಿ, ದಾಸ್ತಾನು ಪುಸ್ತಕದಲ್ಲಿ ಎಷ್ಟು ಪೀಸು, ಯಾವ ಸ್ಥಿತಿ, ಯಾರಿಗೆ ಹೋಯ್ತು ಅಂತ ನಮೂದಿಸಿದರೆ ಸಾಕು.

ಸರ್ಕಾರಿ ಶಾಲೆಯಲ್ಲಿ ಇನ್ನೂ ಸ್ವಲ್ಪ ಹುಷಾರಾಗಿರಬೇಕು. ದಾನಿಗಳೇ ಕೊಟ್ಟಿದ್ದರೂ ಒಂದು ಸಲ ದಾಸ್ತಾನು ಪುಸ್ತಕಕ್ಕೆ ಏರಿದ ಮೇಲೆ ಅದು ಶಾಲೆಯ ವಸ್ತು. ಎಸ್‌ಡಿಎಂಸಿ ಸಭೆಯಲ್ಲಿ ಇಟ್ಟು, ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ತಿಳಿಸಿ, ಆಮೇಲೆ ಕೈ ಹಾಕೋದು ಒಳ್ಳೇದು. ನಾಲ್ಕು ದಿನ ತಡ ಆಗಬಹುದು, ಆದರೆ ಮುಖ್ಯ ಶಿಕ್ಷಕರ ತಲೆ ಮೇಲೆ ಬರಲ್ಲ.

ಇದೇ ಜಾಗದಲ್ಲಿ ಪೋಷಕರು ತಿಳ್ಕೋಬೇಕಾದ ಇನ್ನೊಂದು ವಿಷಯ ಇದೆ. ಕರ್ನಾಟಕ ಶಿಕ್ಷಣ ಕಾಯ್ದೆ 1983ರ ಕೆಳಗೆ 1995ರಲ್ಲಿ ಬಂದ ನಿಯಮಗಳಲ್ಲಿ 11ನೇ ನಿಯಮ ಸಮವಸ್ತ್ರದ್ದು. ಒಂದು ಸಲ ಸಮವಸ್ತ್ರ ನಿಗದಿ ಮಾಡಿದ ಮೇಲೆ 5 ವರ್ಷ ಬದಲಾಯಿಸೋ ಹಾಗಿಲ್ಲ, ಬದಲಾಯಿಸಬೇಕು ಅಂದ್ರೆ ಪೋಷಕರಿಗೆ ಕನಿಷ್ಠ 1 ವರ್ಷ ಮುಂಚೆ ನೋಟಿಸ್ ಕೊಡಬೇಕು ಅಂತ ಅದರಲ್ಲಿದೆ. 2022ರಲ್ಲಿ ಹಿಜಾಬ್ ಪ್ರಕರಣ ಹೈಕೋರ್ಟಲ್ಲಿ ನಡೆದಾಗ ಇದೇ ನಿಯಮದ ಹೆಸರು ಪೇಪರಲ್ಲೆಲ್ಲಾ ಬಂದಿತ್ತು. ನಿಯಮದಲ್ಲಿ ಬ್ಯಾಂಡ್ ಡ್ರೆಸ್ ಅಂತ ಬಿಡಿಸಿ ಹೇಳಿಲ್ಲ, ಸಮವಸ್ತ್ರ ಅಂತಷ್ಟೇ ಇದೆ. ಆದರೂ ಎರಡೆರಡು ವರ್ಷಕ್ಕೆ ಬ್ಯಾಂಡಿನ ಬಣ್ಣ ಬದಲಾಯಿಸಿ ಪೋಷಕರಿಂದ ಮತ್ತೆ ದುಡ್ಡು ಕೇಳಿದಾಗ, ಈ ನಿಯಮ ಮುಂದಿಟ್ಟು ಪೋಷಕರ ಸಭೆಯಲ್ಲಿ ಪ್ರಶ್ನೆ ಕೇಳೋದಕ್ಕೆ ಯಾರ ಅಡ್ಡಿಯೂ ಇಲ್ಲ. ಹಳೇ ಡ್ರೆಸ್ ಗುಡ್ಡೆ ಬೀಳೋದಕ್ಕೆ ಮೊದಲ ಕಾರಣ ಹರಿದು ಹೋಗೋದಲ್ಲ, ಬಣ್ಣ ಬದಲಾಯಿಸೋದು.

ಸೆಟ್ ಒಡೀಬೇಡಿ

ಲೆಕ್ಕ ಹಾಕಿ ನೋಡಿ. ಒಂದು ಮಗುವಿಗೆ ಕೋಟು, ಪ್ಯಾಂಟು ಇಲ್ಲಾ ಸ್ಕರ್ಟು, ಟೋಪಿ, ಟೋಪಿ ಮೇಲಿನ ಗರಿ, ಸೊಂಟದ ಬೆಲ್ಟು, ಎದೆ ಮೇಲೆ ಅಡ್ಡ ಬರೋ ಕ್ರಾಸ್ ಬೆಲ್ಟು, ಭುಜಪಟ್ಟಿ ಜೋಡಿ, ಕೈಗವಸು ಜೋಡಿ. ಎಂಟು ಐಟಂ ಆಯ್ತು. 30 ಮಕ್ಕಳಿಗೆ 240. ಇದರಲ್ಲಿ ಕೋಟು ಪ್ಯಾಂಟು ಬಿಟ್ಟು ಮಿಕ್ಕಿದ್ದೆಲ್ಲ ಬ್ಯಾಂಡಿಗೆ ಮಾತ್ರ ಉಪಯೋಗ. ಬಿಡಿಯಾಗಿ ಕೊಟ್ಟರೆ ಬೆಲ್ಟು ಒಬ್ಬರ ಮನೆಯಲ್ಲಿ, ಟೋಪಿ ಮಕ್ಕಳ ಆಟದಲ್ಲಿ, ಗರಿ ಚರಂಡಿಯಲ್ಲಿ.

ಹಾಗಾಗಿ ಮೊದಲ ಕೆಲಸ, ಎಲ್ಲಾ ಒಂದೇ ಕಡೆ ಸುರಿದು ಎಣಿಸೋದು. ಪೋಷಕರ ಮನೆಯಲ್ಲಿ ಇರೋದನ್ನೂ ವಾಟ್ಸ್ಆ್ಯಪ್ ಗ್ರೂಪಲ್ಲಿ ಕೇಳಿ ತರಿಸಿಕೊಳ್ಳಿ. ಕೊಡೋಕೆ ಬಹಳ ಜನ ರೆಡಿ ಇರ್ತಾರೆ, ಯಾರೂ ಕೇಳಿರಲ್ಲ ಅಷ್ಟೇ. ಆಮೇಲೆ ಮೂರು ಗುಡ್ಡೆ ಮಾಡಿ. ಹಾಗೇ ಹಾಕ್ಕೊಳ್ಳಬಹುದಾದದ್ದು, ಟೈಲರ್ ಹತ್ರ ಹೋಗಿ ಬಂದರೆ ಸರಿಯಾಗೋದು, ಇನ್ನು ಆಗಲ್ಲ ಅನ್ನೋದು. ಕೋಟಲ್ಲಿ ಮೊದಲು ಹೋಗೋದು ಕಂಕುಳದ ಹತ್ರ ಒಳಗಿನ ಲೈನಿಂಗ್, ಬೆವರಿನ ಉಪ್ಪಿಗೆ. ಪ್ಯಾಂಟಲ್ಲಿ ಕೂರೋ ಜಾಗ ಮತ್ತು ಮಂಡಿ. ಹುಕ್ಕು, ಜಿಪ್ಪು ಹೋಗಿದ್ದರೆ ಅದು ದೊಡ್ಡ ರಿಪೇರಿ ಅಲ್ಲ, ಆ ಒಂದು ಕಾರಣಕ್ಕೆ ಮೂರನೇ ಗುಡ್ಡೆಗೆ ಹಾಕಬೇಡಿ.

ಸೈಜ್ ಬರೆದಿಡೋದು ಬಹಳ ಮುಖ್ಯ. ಎದೆ ಅಳತೆ 28, 30, 32, 34 ಅಂತ ಎಷ್ಟೆಷ್ಟು ಕೋಟಿದೆ, ಪ್ಯಾಂಟಿನ ಉದ್ದ ಎಷ್ಟು, ಒಳಗಡೆ ಮಡಿಚಿ ಹೊಲಿದ ಬಟ್ಟೆ ಎಷ್ಟು ಬಿಟ್ಟಿದಾರೆ, ಇಷ್ಟು ಒಂದು ಹಾಳೆಯಲ್ಲಿ ಬರೆದು, ಒಂದು ಪೂರ್ತಿ ಸೆಟ್ಟಿನ ಫೋಟೊ ಹೊಡೆದರೆ ಇನ್ನೊಂದು ಸ್ಕೂಲಿನವರು ಬಂದು ನೋಡೋ ಮುಂಚೆಯೇ ಬೇಕೋ ಬೇಡವೋ ಹೇಳಬಹುದು. ಈ ಹಾಳೆ ಇಲ್ಲದೆ ಬರೀ ‘ಬ್ಯಾಂಡ್ ಡ್ರೆಸ್ ಇದೆ, ಬೇಕಾ’ ಅಂತ ಮೆಸೇಜ್ ಹಾಕಿದರೆ ಯಾರೂ ಉತ್ತರ ಕೊಡಲ್ಲ.

ಯಾರಿಗೆ ಕೊಡೋದು? ಜಿಲ್ಲೆಯಲ್ಲಿ ದಾವಣಗೆರೆ ಬಿಟ್ಟರೆ ಹರಿಹರ, ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಅಂತ ಇನ್ನೂ ಐದು ತಾಲ್ಲೂಕಿದೆ. ತಾಲ್ಲೂಕು ಕೇಂದ್ರದಲ್ಲೂ ಸ್ವಾತಂತ್ರ್ಯ ದಿನಕ್ಕೆ ಪಥಸಂಚಲನ ನಡೀತದೆ. ಯಾರೋ ದಾನಿಗಳು ಡ್ರಮ್ ಕೊಡಿಸಿ, ಡ್ರೆಸ್ ಮಟ್ಟಕ್ಕೆ ದುಡ್ಡು ಸಾಲದೆ ಬಿಳಿ ಶರ್ಟು ಪ್ಯಾಂಟಲ್ಲೇ ಬ್ಯಾಂಡ್ ಬಾರಿಸೋ ಶಾಲೆ ಇದ್ದರೆ ಅವರಿಗೆ ಇದು ಸೀದಾ ಉಪಯೋಗ. ಹುಡುಕೋಕೆ ಸುಲಭ ದಾರಿ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯ ದೈಹಿಕ ಶಿಕ್ಷಣ ಪರಿವೀಕ್ಷಕರು. ಯಾವ ಶಾಲೆಯಲ್ಲಿ ಬ್ಯಾಂಡಿದೆ ಅಂತ ಅವರಿಗೆ ಗೊತ್ತಿರ್ತದೆ, ಕ್ರೀಡಾಕೂಟದಲ್ಲಿ ಎಲ್ಲರನ್ನೂ ನೋಡಿರ್ತಾರೆ. ಕೊಡೋ ದಿನ ತಗೊಳ್ಳೋ ಶಾಲೆಯಿಂದ ಲೆಟರ್‌ಹೆಡ್ ಮೇಲೆ ಸ್ವೀಕೃತಿ ಪತ್ರ ಇಸ್ಕೊಳ್ಳಿ, ಅದರಲ್ಲಿ ಪೀಸಿನ ಸಂಖ್ಯೆ ಇರಲಿ.

ಟೈಮಿಂಗ್ ಬಗ್ಗೆ ಒಂದು ಮಾತು. ಆಗಸ್ಟ್ ಮೊದಲ ವಾರದಲ್ಲಿ ಕೊಟ್ಟರೆ ಆ ವರ್ಷ ಉಪಯೋಗ ಇಲ್ಲ, ಟೈಲರ್‌ಗಳಿಗೆ ಆಗ ಉಸಿರಾಡೋಕೂ ಬಿಡುವಿರಲ್ಲ. ಜೂನಿನಲ್ಲಿ ಸ್ಕೂಲು ಶುರುವಾದ ಹದಿನೈದು ದಿನದೊಳಗೆ ಕೈ ಬದಲಾದರೆ ಅಳತೆ ಸರಿ ಮಾಡಿಸೋಕೆ ಟೈಮ್ ಸಿಗ್ತದೆ.

ಬಣ್ಣ ಹಾಕಿಸ್ತೀವಿ ಅನ್ನೋ ಐಡಿಯಾ ಬಿಟ್ಟುಬಿಡಿ

ತಗೊಳ್ಳೋ ಸ್ಕೂಲಿನವರು ಮೊದಲು ಕೇಳೋದು, ಕೆಂಪು ಕೋಟನ್ನ ನೀಲಿ ಮಾಡಿಸಬಹುದಾ ಅಂತ. ಆಗಲ್ಲ. ಬ್ಯಾಂಡ್ ಕೋಟು ಬಹುಪಾಲು ಪಾಲಿಯೆಸ್ಟರ್ ಬೆರೆತ ಸೂಟಿಂಗ್ ಬಟ್ಟೆ. ಮನೆಯಲ್ಲಿ ಬಿಸಿನೀರಿಗೆ ಪುಡಿ ಹಾಕಿ ಅದ್ದೋ ಬಣ್ಣ ಹತ್ತಿಗೆ ಹಿಡೀತದೆ, ಪಾಲಿಯೆಸ್ಟರ್‌ಗೆ ಹಿಡಿಯಲ್ಲ. ಅದಕ್ಕೆ ಬೇರೆ ಜಾತಿ ಬಣ್ಣ, ಬಹಳ ಜಾಸ್ತಿ ಶಾಖ ಬೇಕು, ಅದು ಮಿಲ್ಲಿನ ಕೆಲಸ. ಹೊರಗಿನ ಬಟ್ಟೆ ಒಂದು ಬಣ್ಣ, ಹೊಲಿಗೆ ದಾರ ಇನ್ನೊಂದು ಬಣ್ಣ ಆಗಿ ಕೋಟು ಕೆಡ್ತದೆ.

ಬದಲಾಯಿಸಬಹುದಾದದ್ದು ಪಟ್ಟಿ. ಎದೆ ಮೇಲಿನ ಬಂಗಾರದ ಲೇಸು, ಕಾಲರ್ ಪಟ್ಟಿ, ತೋಳಿನ ಕೊನೆ, ಪ್ಯಾಂಟಿನ ಪಕ್ಕದ ಗೆರೆ, ಗುಂಡಿ. ಇಷ್ಟು ಬದಲಾದರೆ ದೂರದಿಂದ ನೋಡೋರಿಗೆ ಅದು ಬೇರೆ ಸ್ಕೂಲಿನ ಡ್ರೆಸ್ಸೇ. ಇಲ್ಲಿ ಟೈಲರ್‌ಗಳಿಗೆ ಗೊತ್ತಿರೋ ಒಂದು ಸೂಕ್ಷ್ಮ ಇದೆ. ಹಳೇ ಲೇಸು ಬಿಚ್ಚಿದ ಜಾಗದಲ್ಲಿ ಬಿಸಿಲು ಬಿದ್ದಿರಲ್ಲ, ಅಲ್ಲಿ ಬಟ್ಟೆ ಗಾಢ ಬಣ್ಣ ಇರ್ತದೆ, ಸೂಜಿ ತೂತೂ ಕಾಣ್ತವೆ. ಹಳೇ ಲೇಸು ಅರ್ಧ ಇಂಚಿದ್ದರೆ ಹೊಸದು ಮುಕ್ಕಾಲು ಇಂಚು ತರಬೇಕು, ಆಗ ಗೆರೆ ಮುಚ್ಚಿಹೋಗ್ತದೆ. ಚೌಕಿಪೇಟೆ ಕಡೆ ಲೇಸು ತರೋಕೆ ಹೋಗೋರು ಹಳೇ ಲೇಸಿನ ತುಂಡು ಕೈಯಲ್ಲಿ ಹಿಡ್ಕೊಂಡು ಹೋದರೆ ಅಂಗಡಿಯವರಿಗೂ ಸುಲಭ.

ವೆಲ್ವೆಟ್ ಕೋಟಿದ್ದರೆ ಮೇಲಿಂದ ಇಸ್ತ್ರಿ ಒತ್ತಬಾರದು, ಮಚ್ಚೆ ಬೀಳ್ತದೆ. ಒಳಮಗ್ಗುಲು ತಿರುಗಿಸಿ ಹಬೆ ಕೊಡಬೇಕು. ಟ್ರಂಕಿನಿಂದ ತೆಗೆದ ಕೂಡಲೇ ನುಸಿ ಗುಳಿಗೆ ವಾಸನೆ ಹೊಡೀತಿದ್ದರೆ ಎರಡು ದಿನ ಗಾಳಿಗೆ ಹಾಕಿ ಆಮೇಲೆ ಒಗೀರಿ. ವಾಸನೆ ಇರೋ ಡ್ರೆಸ್ ಹಾಕಿ ಮಗುವನ್ನ ಎರಡು ಗಂಟೆ ಬಿಸಿಲಲ್ಲಿ ನಿಲ್ಲಿಸಿದರೆ ತಲೆ ಸುತ್ತೋದು ಡ್ರಮ್ ಬಾರಿಸಿದ್ದಕ್ಕಲ್ಲ.

ಹೆಸರು, ಬ್ಯಾಡ್ಜು, ಸ್ಟಾರು: ಕೊಡೋ ಮುಂಚೆ ತೆಗೀಲೇಬೇಕು

ಕೋಟಿನ ಕಾಲರ್ ಒಳಗೆ, ಟೋಪಿ ಒಳಗೆ ಮಾರ್ಕರ್‌ನಲ್ಲಿ ಮಗುವಿನ ಹೆಸರು, ತರಗತಿ, ಕೆಲವು ಸಲ ಅಪ್ಪನ ಮೊಬೈಲ್ ನಂಬರ್ ಬರೆದಿರ್ತಾರೆ, ಕಳೆದರೆ ಸಿಗಲಿ ಅಂತ. ಆ ಕೋಟು ಗುಜರಿಯಿಂದ ಎಲ್ಲೆಲ್ಲಿಗೋ ಹೋಗ್ತದೆ. ಹೆಣ್ಣುಮಕ್ಕಳ ಹೆಸರು ನಂಬರ್ ಜತೆ ಬೀದಿಗೆ ಹೋಗೋದು ಯಾವ ಮನೆಯವರಿಗೂ ಬೇಕಿಲ್ಲ. ಪಟ್ಟಿ ಇದ್ದರೆ ಕತ್ತರಿಸಿ, ಬಟ್ಟೆ ಮೇಲೇ ಬರೆದಿದ್ದರೆ ಒಂದು ತುಂಡು ಬಟ್ಟೆ ಇಟ್ಟು ಹೊಲೀರಿ.

ಸ್ಕೂಲಿನ ಲಾಂಛನದ ಬ್ಯಾಡ್ಜು ಬಿಚ್ಚಿ ಸಂಸ್ಥೆಗೇ ವಾಪಸ್ ಕೊಡೋದು ಸರಿ. ಯಾರೋ ಆ ಕೋಟು ಹಾಕ್ಕೊಂಡು ಎಲ್ಲೋ ಚಂದಾ ಎತ್ತಿದರೆ ಹೆಸರು ಕೆಡೋದು ಸ್ಕೂಲಿನದ್ದು.

ಇನ್ನು ಪೊಲೀಸು, ಮಿಲಿಟರಿ ತರ ಕಾಣೋ ಡ್ರೆಸ್. ಸ್ಕೂಲ್ ಬ್ಯಾಂಡಿನ ವಿನ್ಯಾಸ ಬಂದಿದ್ದೇ ಮಿಲಿಟರಿ ಬ್ಯಾಂಡಿನಿಂದ, ಹಾಗಾಗಿ ಭುಜದ ಮೇಲೆ ಸ್ಟಾರು, ಬಣ್ಣದ ದಾರದ ಡೋರಿ, ಮುಂದೆ ಚೂಪಾದ ಟೋಪಿ ಎಲ್ಲಾ ಇರ್ತವೆ. ಕೆಂಪು ಹಳದಿ ಕೋಟಾದರೆ ಯಾರೂ ಮೋಸ ಹೋಗಲ್ಲ. ಖಾಕಿ ಬಣ್ಣದ್ದು, ಇಲ್ಲಾ ಎಲೆ ಚಿತ್ರದ ಮಿಲಿಟರಿ ಬಟ್ಟೆಯದ್ದು, ಅದೂ ದೊಡ್ಡ ಸೈಜಿನದ್ದು ಆದರೆ ವಿಷಯ ಬೇರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 205ನೇ ಕಲಂ ಪ್ರಕಾರ, ಸರ್ಕಾರಿ ನೌಕರ ಅಂತ ನಂಬಿಸೋ ಉದ್ದೇಶದಿಂದ ಆ ವೇಷ ಹಾಕ್ಕೊಂಡರೆ 3 ತಿಂಗಳವರೆಗೆ ಜೈಲು ಇಲ್ಲಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಸೈನಿಕನ ವೇಷಕ್ಕೆ 168ನೇ ಕಲಂ ಇದೆ, 3 ತಿಂಗಳು ಇಲ್ಲಾ 2,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ತಪ್ಪು ಹಾಕ್ಕೊಂಡೋರದ್ದು, ಕೊಟ್ಟೋರದ್ದಲ್ಲ. ಆದರೂ ಸ್ಟೇಷನ್ನಿಂದ ಫೋನ್ ಬರೋದು ಯಾರಿಗೆ ಬೇಕು? ಸ್ಟಾರು, ಡೋರಿ, ಟೋಪಿ ಬ್ಯಾಡ್ಜು ಬಿಚ್ಚಿಟ್ಟುಕೊಂಡು ಬರೀ ಬಟ್ಟೆ ಕೊಟ್ಟರೆ ಆ ತಲೆನೋವೇ ಇಲ್ಲ. 2016ರ ಪಠಾಣ್‌ಕೋಟ್ ದಾಳಿಯಲ್ಲಿ ಉಗ್ರರು ಸೇನೆ ಡ್ರೆಸ್ಸಲ್ಲೇ ಬಂದಿದ್ದರು, ಆಮೇಲೆ ಅಂಥ ಬಟ್ಟೆ ಮಾರಬೇಡಿ, ಕೊಳ್ಳಬೇಡಿ ಅಂತ ಸೇನೆಯೇ ಜನರಿಗೆ ಹೇಳಿತ್ತು. ಮಕ್ಕಳ ಛದ್ಮವೇಷಕ್ಕೆ ಅಂತ ಅಂಗಡಿಯಲ್ಲಿ ಇಟ್ಟಿರೋರು ಇದನ್ನ ನೆನಪಲ್ಲಿ ಇಟ್ಕೊಳ್ಳೋದು ಒಳ್ಳೇದು.

ನಾಲ್ಕು ಸಿಂಹದ ಲಾಂಛನ ಇರೋ ಗುಂಡಿ, ಬ್ಯಾಡ್ಜು ಇದ್ದರೆ ಅವನ್ನೂ ಬಿಚ್ಚಿ, ರಾಷ್ಟ್ರ ಲಾಂಛನದ ದುರ್ಬಳಕೆಗೆ 2005ರದ್ದೇ ಒಂದು ಕಾಯ್ದೆ ಇದೆ. ತೋಳಿನ ಮೇಲೆ ತ್ರಿವರ್ಣ ಧ್ವಜದ ಪ್ಯಾಚ್ ಹೊಲಿದಿದ್ದರೆ ಕಸದ ಜತೆ ಹೋಗಬಾರದು. ಹಾಳಾದ ಧ್ವಜವನ್ನ ಖಾಸಗಿಯಾಗಿ, ಗೌರವದಿಂದ, ಪೂರ್ತಿಯಾಗಿ ನಾಶ ಮಾಡಬೇಕು, ಸುಡೋದು ಉತ್ತಮ ಅಂತ 2002ರ ಧ್ವಜ ಸಂಹಿತೆ ಹೇಳ್ತದೆ. ಪ್ಯಾಚಿಗೂ ಅದೇ ಗೌರವ ಕೊಟ್ಟರೆ ಯಾರೂ ಬೆರಳು ತೋರಿಸಲ್ಲ.

ಮದುವೆ ಬ್ಯಾಂಡು, ನಾಟಕದ ಡ್ರೆಸ್ಸು

ಯಾವ ಸ್ಕೂಲೂ ತಗೊಳ್ಳಲಿಲ್ಲ ಅಂದ್ರೆ ಮುಂದಿನ ಗಿರಾಕಿ ಬ್ಯಾಂಡ್ ಸೆಟ್ಟಿನವರು. ಮದುವೆ ದಿಬ್ಬಣ, ಗಣಪತಿ ಮೆರವಣಿಗೆ, ಎರಡು ವರ್ಷಕ್ಕೊಮ್ಮೆ ಬರೋ ದುಗ್ಗಮ್ಮನ ಜಾತ್ರೆ, ಇವರ ಕೆಲಸಕ್ಕೆ ಒಂದೇ ತರದ ಕೋಟು ಬೇಕೇ ಬೇಕು. ದೇಶದಲ್ಲಿ ಬ್ಯಾಂಡ್ ವಾದ್ಯಕ್ಕೆ ದೊಡ್ಡ ಹೆಸರು ಉತ್ತರ ಪ್ರದೇಶದ ಮೀರತ್‌ನ ಜಾಲಿ ಕೋಠಿ, ಡ್ರೆಸ್ಸೂ ಅಲ್ಲಿಂದ ಬರ್ತದೆ. ಅಲ್ಲಿಂದ ಹೊಸದು ತರಿಸೋದಕ್ಕೆ ಹೋಲಿಸಿದರೆ ಇಲ್ಲಿಯ ಹಳೇ ಕೋಟು ಅವರಿಗೆ ಲಾಭವೇ. ಒಂದೇ ತೊಡಕು, ಸೈಜ್. ಏಳನೇ ಕ್ಲಾಸ್ ಹುಡುಗನ 30 ಇಂಚಿನ ಕೋಟು ದೊಡ್ಡೋರಿಗೆ ಬರಲ್ಲ. ಹೈಸ್ಕೂಲು, ಪಿಯು ಕಾಲೇಜಿನ 36ರಿಂದ 38ರ ಕೋಟಾದರೆ ನಡೀತದೆ. ದೊಡ್ಡ ಸೈಜಿನದ್ದು ಹತ್ತು ಹನ್ನೆರಡು ಒಂದೇ ತರ ಇದ್ದರೆ ಗುಜರಿ ರೇಟಿಗೆ ಕೊಡಬೇಡಿ, ಮೊದಲು ಬ್ಯಾಂಡ್ ಸೆಟ್ಟಿನವರನ್ನ ಕೇಳಿ.

ಸಣ್ಣ ಸೈಜಿಗೆ ನಾಟಕದ ಡ್ರೆಸ್ ಬಾಡಿಗೆ ಕೊಡೋ ಅಂಗಡಿ ಇದೆ. ದಾವಣಗೆರೆ ವೃತ್ತಿ ರಂಗಭೂಮಿಯ ಊರು, ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಸುತ್ತಮುತ್ತ ಹಳ್ಳಿಗಳಲ್ಲಿ ಜಾತ್ರೆಗೆ ನಾಟಕ ಆಡೋದು ಇನ್ನೂ ನಿಂತಿಲ್ಲ. ರಾಜನ ಪಾತ್ರಕ್ಕೆ, ದ್ವಾರಪಾಲಕರಿಗೆ, ಸ್ಕೂಲ್ ಡೇ ದಿನ ಬ್ರಿಟಿಷ್ ಸಾಹೇಬನ ಪಾತ್ರಕ್ಕೆ ಕೆಂಪು ಕೋಟು ಬೇಕಾಗ್ತದೆ. ಡ್ರಾಮಾ ಸೀನರಿಯವರು ಬಿಡಿ ಪೀಸನ್ನೂ ತಗೊಳ್ಳಬಹುದು, ಭುಜಪಟ್ಟಿ, ಗರಿ, ಕ್ರಾಸ್ ಬೆಲ್ಟ್ ಅವರಿಗೆ ಬಟ್ಟೆಗಿಂತ ಮುಖ್ಯ. ಸೆಟ್ ಒಡೆದು ಹೋಗಿದ್ದರೆ ಇದೊಂದೇ ಜಾಗದಲ್ಲಿ ಅದಕ್ಕೆ ಬೆಲೆ ಉಳಿದಿರೋದು.

ಮೂರನೇ ಗುಡ್ಡೆ: ಆಗಲ್ಲ ಅನ್ನೋದು

ಇಲ್ಲಿ ಬಟ್ಟೆ ಯಾವುದು ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಗೊತ್ತಾಗದಿದ್ದರೆ ಒಂದೇ ಒಂದು ಎಳೆ ದಾರ ಕಿತ್ತು, ಚಿಮುಟದಲ್ಲಿ ಹಿಡಿದು, ಸ್ಟೀಲ್ ತಟ್ಟೆ ಮೇಲೆ ಬೆಂಕಿಗೆ ಒಡ್ಡಿ ನೋಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಿದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ. ಕರಗಿ, ಮುದುಡಿ, ತುದಿಯಲ್ಲಿ ಗಟ್ಟಿ ಗುಂಡು ಆದರೆ ಪಾಲಿಯೆಸ್ಟರ್. ಬಟ್ಟೆ ಅಂಗಡಿಯ ಹಳಬರು ಇದನ್ನ ಕಣ್ಣು ಮುಚ್ಚಿ ಮಾಡ್ತಾರೆ.

ಹತ್ತಿಯಾದರೆ ಚಿಂತೆ ಇಲ್ಲ. ಗ್ಯಾರೇಜು, ಲೇತ್ ಅಂಗಡಿಯವರಿಗೆ ಎಣ್ಣೆ ಒರೆಸೋ ಬಟ್ಟೆ ದಿನಾ ಬೇಕು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಲ್ಲಿ ಹತ್ತಿ ವೇಸ್ಟಿಗೆ ಬರ ಇರಲಿಲ್ಲ, ಈಗ ಮಿಲ್ಲು ಮುಚ್ಚಿ ಅದನ್ನೂ ದುಡ್ಡು ಕೊಟ್ಟು ತರಬೇಕು. ಆದರೆ ಪಾಲಿಯೆಸ್ಟರ್ ಎಣ್ಣೆ ಸರಿಯಾಗಿ ಹೀರಲ್ಲ, ಬರೀ ಸವರ್ತದೆ. ಗ್ಯಾರೇಜಿನವರು ಒಂದು ಸಲ ತಗೊಂಡು ಎರಡನೇ ಸಲ ಬೇಡ ಅಂತಾರೆ. ಬ್ಯಾಂಡಿನ ಬಟ್ಟೆಯಲ್ಲಿ ಹತ್ತಿ ಸಿಗೋದು ಸಾಮಾನ್ಯವಾಗಿ ಬಿಳಿ ಕೈಗವಸು, ಗೇಟರ್‌ನ ಕ್ಯಾನ್ವಾಸು, ಒಳ ಅಂಗಿ, ಅಷ್ಟೇ.

ಕೌದಿಗೂ ಅದೇ ಕಷ್ಟ. ಕೌದಿ ಹೊಲಿಯೋದು ಕೈಸೂಜಿಯಲ್ಲಿ, ಮೆತ್ತಗಿನ ಹಳೇ ಸೀರೆ, ಧೋತರ ಬೇಕು. ಬಕ್ರಂ ಹಾಕಿದ ಕೋಟಿಗೆ ಸೂಜಿ ಇಳಿಯಲ್ಲ. ಪ್ಯಾಂಟಿನ ಬಟ್ಟೆ, ಸ್ಕರ್ಟಿನ ಘೇರು ಬಿಚ್ಚಿ ಕೊಟ್ಟರೆ ಮೇಲಿನ ಪದರಕ್ಕೆ ಬಣ್ಣದ ಚೌಕ ಆಗಿ ಬಳಸಬಹುದು. ಪಾತ್ರೆ ಕೊಟ್ಟು ಹಳೇ ಬಟ್ಟೆ ತಗೊಳ್ಳೋ ಹೆಂಗಸರೂ ಕೋಟು ನೋಡಿದ ಕೂಡಲೇ ಪಕ್ಕಕ್ಕೆ ಇಡ್ತಾರೆ. ಅವರಿಗೆ ಬೇಕಾದ್ದು ಸೀರೆ, ಹರಿಯದ ಪ್ಯಾಂಟು. ಅವರ ಮೇಲೆ ಬೇಜಾರು ಮಾಡ್ಕೋಬೇಡಿ, ಅವರ ಹತ್ರ ಮುಂದೆ ಕೊಳ್ಳೋರು ಅದನ್ನೇ ಕೇಳೋದು.

ಗಟ್ಟಿ ಕೋಟು ನಿಜವಾಗಿ ಉಪಯೋಗಕ್ಕೆ ಬರೋದು ಹೊಲದಲ್ಲಿ. ಮೆಕ್ಕೆಜೋಳ ತೆನೆ ಕಟ್ಟಿದಾಗ ಹಂದಿ ಕಾಯೋಕೆ ರಾತ್ರಿ ಮಲಗೋರಿಗೆ, ಭದ್ರಾ ನಾಲೆ ನೀರು ಕಟ್ಟೋಕೆ ನಡುರಾತ್ರಿ ಎದ್ದು ಹೋಗೋರಿಗೆ ಲೈನಿಂಗ್ ಇರೋ ಕೋಟು ಬೆಚ್ಚಗೆ. ಸಣ್ಣ ಸೈಜಿನದ್ದು ಬೆದರುಗೊಂಬೆಗೆ. ಜರಿ ಲೇಸು ಬಿಸಿಲಿಗೆ ಮಿಂಚಿದರೆ ಹಕ್ಕಿ ಹತ್ರ ಬರೋದು ಸ್ವಲ್ಪ ದಿನ ಕಡಿಮೆ ಆಗ್ತದೆ. ಕೊಯ್ಲು ಮುಗಿದ ಮೇಲೆ ಮಾತ್ರ ಅದನ್ನ ಹೊಲದಲ್ಲೇ ಬಿಡಬಾರದು, ಪಾಲಿಯೆಸ್ಟರ್ ಮಣ್ಣಲ್ಲಿ ಕೊಳೆಯಲ್ಲ, ಮುಂದಿನ ವರ್ಷ ನೇಗಿಲಿಗೆ ಸಿಕ್ಕಿಕೊಳ್ತದೆ.

ಕೊನೆಗೆ ಗುಜರಿ. ಕೊಡೋ ಮುಂಚೆ ಲೋಹ ಬೇರೆ ಮಾಡಿ. ಗುಂಡಿ, ಬೆಲ್ಟಿನ ಬಕಲ್ಲು ನೋಡೋಕೆ ಹಿತ್ತಾಳೆ ತರ ಇರ್ತದೆ. ಅಯಸ್ಕಾಂತ ಹಿಡಿದರೆ ಅಂಟಿಕೊಂಡರೆ ಕಬ್ಬಿಣದ ಮೇಲೆ ಲೇಪನ. ಅಂಟದಿದ್ದರೆ ಬ್ಲೇಡಲ್ಲಿ ಒಂದು ಗೀರು ಹಾಕಿ. ಒಳಗೂ ಹಳದಿ ಲೋಹ ಕಂಡರೆ ಹಿತ್ತಾಳೆ, ಪುಡಿ ಎದ್ದರೆ ಬಂಗಾರದ ಬಣ್ಣದ ಪ್ಲಾಸ್ಟಿಕ್. ಹಳೇ ಕಾಲದ ಬ್ಯಾಂಡಿನ ಬಕಲ್ಲಲ್ಲಿ ನಿಜವಾದ ಹಿತ್ತಾಳೆ ಇರ್ತಿತ್ತು, ಅದನ್ನ ಬಟ್ಟೆ ಜತೆ ಕೆ.ಜಿ. ಲೆಕ್ಕದಲ್ಲಿ ಕೊಟ್ಟರೆ ನಷ್ಟ ನಿಮಗೇ. ಬಟ್ಟೆಗೆ ಗುಜರಿಯಲ್ಲಿ ಹೆಚ್ಚು ಬೆಲೆ ನಿರೀಕ್ಷೆ ಮಾಡಬೇಡಿ. ಹರಿಯಾಣದ ಪಾಣಿಪತ್ತಿನಲ್ಲಿ ಹಳೇ ಉಣ್ಣೆ, ಮಿಶ್ರ ಬಟ್ಟೆ ಹಿಂಜಿ ಮತ್ತೆ ನೂಲು ಮಾಡಿ ಕಂಬಳಿ ನೇಯೋ ದೊಡ್ಡ ಉದ್ಯಮ ಇದೆ ನಿಜ. ಆದರೆ ಅದು ಲೋಡುಗಟ್ಟಲೆ ಮಾಲಿನ ವ್ಯವಹಾರ, ಇಲ್ಲಿಯ ಎರಡು ಮೂಟೆ ಅಲ್ಲಿಗೆ ಒಂಟಿಯಾಗಿ ಹೋಗಲ್ಲ. ನಾಲ್ಕೈದು ಸ್ಕೂಲಿನವರು ಸೇರಿ ಒಟ್ಟಿಗೆ ಕೊಟ್ಟರೆ ಗುಜರಿಯವರಿಗೂ ಮುಂದೆ ಸಾಗಿಸೋ ಆಸಕ್ತಿ ಬರ್ತದೆ. ದಾನ ಮಾಡೋದಾದರೆ 1999ರಲ್ಲಿ ಶುರುವಾದ ಗೂಂಜ್ ಸಂಸ್ಥೆ ಬೆಂಗಳೂರಲ್ಲೂ ಕೆಲಸ ಮಾಡ್ತದೆ. ಕಳಿಸೋ ಮುಂಚೆ ಫೋನ್ ಮಾಡಿ ಈ ತರದ ಡ್ರೆಸ್ ತಗೊಳ್ತಾರಾ ಕೇಳಿ, ಒಗೆದು ಕಳಿಸಿ. ಬಸ್ಸಿನ ಪಾರ್ಸಲ್ ಖರ್ಚು ಬಟ್ಟೆಯ ಬೆಲೆಗಿಂತ ಜಾಸ್ತಿ ಆಗೋದಾದರೆ ಇಲ್ಲೇ ಯಾರಿಗಾದರೂ ಕೊಡೋದು ಬುದ್ಧಿ.

ಇವೆಲ್ಲಾ ಆಗಿ ಉಳಿದ ಚಿಂದಿ ಪಾಲಿಕೆಯ ಕಸದ ಗಾಡಿಗೆ, ಒಣ ಕಸದಲ್ಲಿ, ಒದ್ದೆ ಆಗದ ಹಾಗೆ. ಹಸಿ ಕಸದ ಜತೆ ಬೆರೆತರೆ ಪೌರಕಾರ್ಮಿಕರು ಕೈಯಲ್ಲಿ ಬೇರೆ ಮಾಡಬೇಕು. ಚರಂಡಿಗೆ ಹೋದರಂತೂ ಮಳೆಗಾಲದಲ್ಲಿ ಒಂದು ಕೋಟು ಸಾಕು ಮೋರಿ ಕಟ್ಟೋಕೆ, ನೀರು ನುಗ್ಗೋದು ಕೆಳಗಿನ ಬೀದಿ ಮನೆಗಳಿಗೆ.

ಬೆಂಕಿ ಹಚ್ಚಬೇಡಿ

ಖಾಲಿ ಸೈಟಲ್ಲಿ ಸುಡೋದು ಸುಲಭ ಅನ್ನಿಸ್ತದೆ. ಪಾಲಿಯೆಸ್ಟರ್ ಉರಿಯೋದಕ್ಕಿಂತ ಕರಗೋದು ಜಾಸ್ತಿ, ಕಪ್ಪು ಹೊಗೆ, ಕಾಲಿಗೆ ಬಿದ್ದರೆ ಚರ್ಮಕ್ಕೆ ಅಂಟಿಕೊಂಡೇ ಸುಡ್ತದೆ. ಅದಕ್ಕಿಂತ ಕೆಟ್ಟದ್ದು ಬೆಲ್ಟು. ಬಿಳಿ ರೆಕ್ಸಿನ್ ಬೆಲ್ಟು ಪಿವಿಸಿಯದ್ದು, ಅದು ಸುಟ್ಟಾಗ ಬರೋದು ಹೈಡ್ರೋಜನ್ ಕ್ಲೋರೈಡ್ ಅನಿಲ, ಜತೆಗೆ ಡಯಾಕ್ಸಿನ್. ಆಸ್ಪತ್ರೆ, ನರ್ಸಿಂಗ್ ಹೋಂ ಹತ್ರ ಇರೋ ಬಡಾವಣೆಯಲ್ಲಿ ಆ ಹೊಗೆ ಯಾರ ಮೂಗಿಗೆ ಹೋಗ್ತದೆ ಅಂತ ಹೇಳಬೇಕಾಗಿಲ್ಲ.

ಕಾನೂನೂ ಇದೆ. ಕಸವನ್ನ ಬೀದಿಗೆ ಎಸೆಯೋದು, ಸುಡೋದು, ಹೂಳೋದು ಮಾಡಬಾರದು ಅಂತ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಹೇಳಿತ್ತು. ಅದೇ ವರ್ಷ ಡಿಸೆಂಬರ್ 22ಕ್ಕೆ, ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು ಹಾಕಿದ ಕೇಸಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಡೋದಕ್ಕೆ ದಂಡ ಗೊತ್ತು ಮಾಡ್ತು. ಸಾಮಾನ್ಯ ಪ್ರಮಾಣಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ. 30 ಮಕ್ಕಳ ಡ್ರೆಸ್ಸಿಗೆ ಲೇಸು ಬದಲಾಯಿಸೋ ಖರ್ಚು ಒಂದು ಕಡೆ, ಈ ದಂಡ ಒಂದು ಕಡೆ ಇಟ್ಟು ನೋಡಿ.

ಉಳಿದ ಎರಡು ಸಂಗತಿ

ದೊಡ್ಡ ಡ್ರಮ್ ಬಾರಿಸೋ ಹುಡುಗನ ಎದೆ ಮೇಲೆ ಚಿರತೆ ಚರ್ಮದ ತರ ಬಟ್ಟೆ ಹಾಕ್ತಾರಲ್ಲ, ಈಗಿನದ್ದೆಲ್ಲಾ ಪ್ರಿಂಟ್ ಮಾಡಿದ ವೆಲ್ವೆಟ್, ತೊಂದರೆ ಇಲ್ಲ. ಬಹಳ ಹಳೇ ಸಂಸ್ಥೆಯ ಟ್ರಂಕಲ್ಲಿ ನಿಜವಾದ ಚರ್ಮ ಸಿಕ್ಕರೆ ಕೊಡೋದೂ ಇಲ್ಲ, ಮಾರೋದೂ ಇಲ್ಲ, ಬಿಸಾಕೋದೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಚಿರತೆ ಮೊದಲ ಪಟ್ಟಿಯಲ್ಲಿದೆ. ಅರಣ್ಯ ಇಲಾಖೆಗೆ ಲಿಖಿತವಾಗಿ ತಿಳಿಸಿ ಅವರು ಹೇಳಿದ ಹಾಗೆ ಮಾಡಬೇಕು.

ಇನ್ನೊಂದು, ಎಲ್ಲಾ ಕೊಟ್ಟರೂ ಒಂದು ಪೂರ್ತಿ ಸೆಟ್ ಸ್ಕೂಲಲ್ಲೇ ಉಳಿಸ್ಕೊಳ್ಳಿ. ಮುಂದೆ ಬೆಳ್ಳಿಹಬ್ಬ, ಸುವರ್ಣ ಮಹೋತ್ಸವ ಬಂದಾಗ ಹುಡುಕಿದರೂ ಸಿಗಲ್ಲ. ಪ್ಲಾಸ್ಟಿಕ್ ಕವರ್ ಹಾಕಬೇಡಿ, ಒಳಗೆ ಬೆವತು ಬೂಷ್ಟು ಹಿಡೀತದೆ. ಹಳೇ ಬಿಳಿ ಪಂಚೆ ಸುತ್ತಿ, ಅಗಲ ಭುಜದ ಹ್ಯಾಂಗರ್‌ಗೆ ತಗುಲಿಹಾಕಿ, ಒಣಗಿದ ಬೇವಿನ ಸೊಪ್ಪು ಇಟ್ಟು, ಯಾವ ವರ್ಷದಿಂದ ಯಾವ ವರ್ಷದವರೆಗೆ ಹಾಕಿದ್ದು ಅಂತ ಒಂದು ಚೀಟಿ ಬರೆದು ಗುಂಡಿಗೆ ದಾರದಲ್ಲಿ ಕಟ್ಟಿ. ಚೀಟಿಯನ್ನ ಬಟ್ಟೆಗೆ ಪಿನ್ ಮಾಡಬೇಡಿ, ತುಕ್ಕಿನ ಕಲೆ ಹೋಗಲ್ಲ.